ದೋಣಿಯೋ, ಬೀದಿಯೋ, ಬಯಲೋ? ಹೊರಗೆ ಕೂತು ಚಿತ್ರ ಬರೆಯುವವರಿಗೆ ಒಂದು ಹೋಲಿಕೆ

ಹೊರಗೆ ಕೂತು ಚಿತ್ರ ಬರೆಯಬೇಕೆಂದು ಹೊರಟವರು ಮೊದಲು ಕೇಳುವುದೇ ಬಣ್ಣದ ವಿಷಯ. ವಾಟರ್‌ಕಲರ್ ಸಾಕೇ, ಆಯಿಲ್ ಬೇಕೇ, ಅಕ್ರಿಲಿಕ್ ಆದೀತೇ? ನನ್ನ ಪ್ರಕಾರ ಅದು ಎರಡನೆಯ ಪ್ರಶ್ನೆ. ಅದಕ್ಕೂ ಮೊದಲು ಇನ್ನೊಂದನ್ನು ಕೇಳಿಕೊಳ್ಳಬೇಕು: ನೀವು ಬರೆಯಲು ಕೂತ ವಸ್ತು ನಿಮಗಾಗಿ ಎಷ್ಟು ಹೊತ್ತು ಕಾಯುತ್ತದೆ?

ದೋಣಿ ಕಾಯುವುದಿಲ್ಲ. ಬೀದಿ ಅರ್ಧಂಬರ್ಧ ಕಾಯುತ್ತದೆ; ಕಟ್ಟಡ ಅಲ್ಲೇ ನಿಂತಿರುತ್ತದೆ, ಜನ ನಿಲ್ಲುವುದಿಲ್ಲ. ಬೆಟ್ಟ, ಮರ, ಬಯಲು ಎಲ್ಲಿಗೂ ಹೋಗುವುದಿಲ್ಲ, ಆದರೆ ಅವುಗಳ ಮೇಲೆ ಬಿದ್ದ ಬೆಳಕು ಹೋಗುತ್ತದೆ. ಈ ಲೆಕ್ಕ ಹಿಡಿತಕ್ಕೆ ಸಿಕ್ಕರೆ ಬಣ್ಣ, ಕಾಗದ, ಈಸಲ್ (ಚಿತ್ರ ನಿಲ್ಲಿಸುವ ಸ್ಟ್ಯಾಂಡು) ಎಲ್ಲವೂ ಹೆಚ್ಚುಕಮ್ಮಿ ತಾವಾಗಿಯೇ ತೀರ್ಮಾನವಾಗುತ್ತವೆ. ಸಿಗದಿದ್ದರೆ ಎಷ್ಟು ಒಳ್ಳೆಯ ಬಣ್ಣ ಕೊಂಡರೂ ಅರ್ಧ ಚಿತ್ರ ಹಿಡಿದುಕೊಂಡು ಮನೆಗೆ ಬರುತ್ತೀರಿ. ನನ್ನ ಹತ್ತಿರ ಅಂಥ ಅರ್ಧ ಚಿತ್ರಗಳ ಒಂದು ಕಟ್ಟೇ ಇದೆ.

## ಕೈಯಲ್ಲಿರುವುದು ಎರಡು ಗಂಟೆ

ಆಕಾಶದಲ್ಲಿ ಸೂರ್ಯ ಗಂಟೆಗೆ ಸುಮಾರು 15 ಡಿಗ್ರಿ ಸರಿಯುತ್ತಾನೆ. ಎರಡು ಗಂಟೆಗೆ 30 ಡಿಗ್ರಿ. ಅಷ್ಟರಲ್ಲಿ ಮರದ ನೆರಳು ಬೇರೆ ದಿಕ್ಕಿಗೆ ತಿರುಗಿರುತ್ತದೆ, ಬಿಸಿಲು ಬಿದ್ದಿದ್ದ ಗೋಡೆ ನೆರಳಿಗೆ ಬಂದಿರುತ್ತದೆ. ಫ್ರಾನ್ಸಿನ ಚಿತ್ರಕಾರ ಪಿಯೆರ್ ಆನ್ರಿ ದ ವಲಾನ್ಸಿಯೆನ್ ಇದನ್ನು 1800ರಷ್ಟು ಹಿಂದೆಯೇ ಬರೆದಿಟ್ಟ: ಹೊರಗಿನ ಅಭ್ಯಾಸಚಿತ್ರಕ್ಕೆ ಹೆಚ್ಚೆಂದರೆ ಎರಡು ಗಂಟೆ, ಸೂರ್ಯೋದಯ ಸೂರ್ಯಾಸ್ತವಾದರೆ ಅರ್ಧ ಗಂಟೆ. ಇನ್ನೂರು ವರ್ಷ ದಾಟಿದರೂ ಈ ಲೆಕ್ಕ ಬದಲಾಗಿಲ್ಲ, ಸೂರ್ಯನ ವೇಗವೂ ಅಷ್ಟೇ ಇದೆ.

ಎರಡು ಗಂಟೆ ಸಾಲದು ಅನ್ನುವವರಿಗೆ ಎರಡು ದಾರಿ. ಒಂದು, ಮರುದಿನ ಅದೇ ಹೊತ್ತಿಗೆ ಅದೇ ಜಾಗಕ್ಕೆ ಬರುವುದು. ಇನ್ನೊಂದು ಫ್ರಾನ್ಸಿನ ಚಿತ್ರಕಾರ ಮೋನೆಯ ದಾರಿ. 1890–91ರಲ್ಲಿ ಹುಲ್ಲಿನ ಬಣವೆಗಳನ್ನು ಬರೆಯುವಾಗ ಆತ ಹಲವು ಕ್ಯಾನ್ವಾಸ್ ಇಟ್ಟುಕೊಂಡು, ಬೆಳಕು ಬದಲಾದ ಹಾಗೆ ಒಂದನ್ನು ಬಿಟ್ಟು ಇನ್ನೊಂದನ್ನು ಎತ್ತಿಕೊಳ್ಳುತ್ತಿದ್ದ. ಹಾಗೆ ಮಾಡಲು ಹೊರುವವರೂ ಬೇಕು, ಹೊರಿಸುವ ಛಲವೂ ಬೇಕು. ನಮ್ಮಂಥವರಿಗೆ ಸುಲಭವಾದದ್ದು ಚಿತ್ರವನ್ನು ಚಿಕ್ಕದು ಮಾಡುವುದು. 6×8 ಇಂಚು ಅಥವಾ 8×10 ಇಂಚಿನ ಹಾಳೆಯನ್ನು ಎರಡು ಗಂಟೆಯಲ್ಲಿ ಮುಗಿಸಬಹುದು. 18×24ರ ಕ್ಯಾನ್ವಾಸ್ ಹೊತ್ತು ಹೋದವರು ಆಕಾಶ ತುಂಬುವಷ್ಟರಲ್ಲಿ ನೆಲದ ನೆರಳು ಕಳೆದುಕೊಂಡಿರುತ್ತಾರೆ.

ಕೂತ ಕೂಡಲೇ ನೆರಳುಗಳ ಗೆರೆಯನ್ನು ಗುರುತು ಹಾಕಿಬಿಡಿ. ಆಮೇಲೆ ನಿಜವಾದ ನೆರಳು ಎಲ್ಲಿಗಾದರೂ ಹೋಗಲಿ, ನೀವು ಹಾಕಿದ ಗೆರೆಯನ್ನು ಬಿಡಬೇಡಿ. ನೆರಳನ್ನು ಬೆನ್ನಟ್ಟಿ ತಿದ್ದುತ್ತಾ ಹೋದವರ ಚಿತ್ರದಲ್ಲಿ ಸೂರ್ಯ ಒಂದೇ ಸಮಯಕ್ಕೆ ಎರಡು ಕಡೆ ಇರುತ್ತಾನೆ.

## ದೋಣಿ: ಅತಿ ಚೆಂದ, ಅತಿ ಚಂಚಲ

ಮೂರರಲ್ಲಿ ನನಗೆ ಹೆಚ್ಚು ಇಷ್ಟವಾದದ್ದೂ, ಹೆಚ್ಚು ಸಲ ಸೋಲಿಸಿದ್ದೂ ದೋಣಿಯೇ. ಒಂದು ಬೆಳಿಗ್ಗೆ ಹಗ್ಗಕ್ಕೆ ಕಟ್ಟಿದ್ದ ಒಂದು ನೀಲಿ ದೋಣಿಯನ್ನು ಹಿಡಿದು ಕೂತಿದ್ದೆ. ಹಿಂದಿನ ದಡ, ನೀರಿನ ಹೊಳಪು, ಆಚೆಯ ಮರಗಳು, ಎಲ್ಲವನ್ನೂ ಹಾಕಿ ದೋಣಿಯ ಜಾಗವನ್ನು ಮಾತ್ರ ಬಿಳಿಯಾಗಿ ಬಿಟ್ಟಿದ್ದೆ, ಮುಖ್ಯವಾದದ್ದನ್ನು ನಿಧಾನವಾಗಿ ಮಾಡೋಣ ಎಂದು. ಮೂತಿಯ ಬಳಿ ಮೊದಲ ನೀಲಿ ಇಡುವಷ್ಟರಲ್ಲಿ ಒಬ್ಬರು ಬಂದು ಹಗ್ಗ ಬಿಚ್ಚಿದರು. ನನ್ನ ಹಾಳೆ ನೋಡಿದರು, ಪಾಪ ಅನ್ನುವಂತೆ ನಕ್ಕರು, ಹುಟ್ಟು ಹಾಕಿಕೊಂಡು ಹೋದರು. ಆ ಹಾಳೆಯಲ್ಲಿ ಈಗಲೂ ದೋಣಿಯ ಆಕಾರದ ಒಂದು ಖಾಲಿ ಜಾಗ ಇದೆ, ತುದಿಯಲ್ಲಿ ಮಾತ್ರ ಒಂದಿಷ್ಟು ನೀಲಿ.

ತಪ್ಪು ನನ್ನದೇ. ಹೋಗಿಬಿಡುವಂಥದ್ದನ್ನು ಮೊದಲು ಬರೆಯಬೇಕು, ಉಳಿಯುವಂಥದ್ದನ್ನು ಆಮೇಲೆ. ವ್ಯಾನ್ ಗೋ ಕೂಡ 1888ರಲ್ಲಿ ಫ್ರಾನ್ಸಿನ ಸೇಂಟ್ ಮರೀ ಎಂಬ ಕಡಲತೀರದಲ್ಲಿ ಮೀನುದೋಣಿಗಳನ್ನು ಕಂಡಾಗ ಮರಳಲ್ಲಿ ನಿಂತು ತೈಲವರ್ಣ ಶುರು ಮಾಡಲಿಲ್ಲ. ದೋಣಿಗಳು ಬೆಳಗಾಗುತ್ತಲೇ ಹೊರಟುಬಿಡುತ್ತಿದ್ದವು. ಸ್ಥಳದಲ್ಲಿ ರೇಖಾಚಿತ್ರ ಮಾಡಿಕೊಂಡು, ಅದನ್ನಿಟ್ಟುಕೊಂಡು ಆಮೇಲೆ ಕ್ಯಾನ್ವಾಸ್ ಮಾಡಿದ.

ದೋಣಿ ಎಂದರೆ ಎಲ್ಲವೂ ಒಂದೇ ಅಲ್ಲ. ಅವುಗಳಲ್ಲೂ ಆರಿಸಿಕೊಳ್ಳಬೇಕು. ದಡಕ್ಕೆ ಎಳೆದು ಹಾಕಿದ ದೋಣಿ ಹೊಸಬರಿಗೆ ಒಳ್ಳೆಯದು, ಸ್ವಲ್ಪ ವಾಲಿಕೊಂಡು ಸುಮ್ಮನೆ ಬಿದ್ದಿರುತ್ತದೆ. ಕಟ್ಟೆಗೆ ಹಿಂದೆ ಮುಂದೆ ಎರಡೂ ಕಡೆ ಕಟ್ಟಿದ ದೋಣಿ ತಿರುಗುವುದಿಲ್ಲ, ಆದರೆ ನೀರಿನ ಜೊತೆ ಏರಿಳಿಯುತ್ತದೆ. ಒಂದೇ ಲಂಗರಿನ ಮೇಲೆ ನಿಂತ ದೋಣಿ ಮಾತ್ರ ಗಾಳಿ ಬಂದ ಕಡೆ, ಪ್ರವಾಹ ಬಂದ ಕಡೆ ಮೂತಿ ತಿರುಗಿಸುತ್ತಾ ಇರುತ್ತದೆ. ಈಗ ಪಕ್ಕೆ ಕಾಣುತ್ತಿದ್ದದ್ದು ಐದು ನಿಮಿಷಕ್ಕೆ ಬೆನ್ನು ತೋರಿಸುತ್ತದೆ. ಆದರೆ ಬಹಳ ಸಲ ಅದು ಅತ್ತಿತ್ತ ಓಲಾಡಿ ಮತ್ತೆ ಅದೇ ಜಾಗಕ್ಕೆ ಬರುತ್ತದೆ. ಹಾಗಾಗಿ ಹಾಳೆಯ ಮೇಲೆ ಎರಡು ಮೂರು ಪುಟ್ಟ ಸ್ಕೆಚ್ ಒಟ್ಟಿಗೆ ಶುರು ಮಾಡಿ, ದೋಣಿ ಯಾವ ಭಂಗಿಗೆ ಮರಳುತ್ತದೋ ಅದನ್ನು ಮುಂದುವರಿಸುವುದು ಜಾಣತನ. ಹಾಯಿ ಬಿಟ್ಟು ಓಡುವ ದೋಣಿ ನೆನಪಿನಿಂದ ಬರೆಯುವ ವಸ್ತು, ಎದುರಿಗೆ ಕೂತು ಬರೆಯುವುದಲ್ಲ.

ಕಡಲ ಪಕ್ಕ ಕೂರುವವರು ಉಬ್ಬರ ಇಳಿತದ ವೇಳೆ ನೋಡಿಕೊಳ್ಳದೆ ಹೊರಡಬಾರದು. ದಿನಕ್ಕೆ ಎರಡು ಸಲ ಉಬ್ಬರ ಬರುವ ಕಡೆಗಳಲ್ಲಿ ಪೂರ್ತಿ ಉಬ್ಬರದಿಂದ ಪೂರ್ತಿ ಇಳಿತಕ್ಕೆ ಆರು ಗಂಟೆಗಿಂತ ಸ್ವಲ್ಪ ಹೆಚ್ಚು ಬೇಕು. ನೀರು ಆ ಆರು ಗಂಟೆಯುದ್ದಕ್ಕೂ ಒಂದೇ ಸಮನೆ ಇಳಿಯುವುದಿಲ್ಲ. ನಾವಿಕರ ಹಳೆಯ ಲೆಕ್ಕ ಹೀಗಿದೆ: ಒಟ್ಟು ಇಳಿತವನ್ನು ಹನ್ನೆರಡು ಪಾಲು ಮಾಡಿದರೆ ಮೊದಲ ಗಂಟೆಯಲ್ಲಿ ಒಂದು ಪಾಲು, ಎರಡನೆಯದರಲ್ಲಿ ಎರಡು, ಮೂರನೆಯದರಲ್ಲಿ ಮೂರು, ನಾಲ್ಕನೆಯದರಲ್ಲೂ ಮೂರು, ಆಮೇಲೆ ಎರಡು, ಕೊನೆಗೆ ಒಂದು. ನಟ್ಟನಡುವಿನ ಎರಡು ಗಂಟೆಯಲ್ಲೇ ಅರ್ಧ ನೀರು ಇಳಿದುಬಿಡುತ್ತದೆ. ಆ ಹೊತ್ತಿಗೆ ಕೂತವರ ಎದುರು ದೋಣಿ ಕೆಳಗಿಳಿದು, ಕಟ್ಟೆಯ ಗೋಡೆ ಎತ್ತರವಾಗಿ, ನೀರಿದ್ದ ಕಡೆ ಕೆಸರು ಬಂದಿರುತ್ತದೆ. ಪೂರ್ತಿ ಉಬ್ಬರಕ್ಕೆ ಅಥವಾ ಪೂರ್ತಿ ಇಳಿತಕ್ಕೆ ಒಂದು ಗಂಟೆ ಮೊದಲು ಕೂತು ಒಂದು ಗಂಟೆ ಆದ ಮೇಲೆ ಎದ್ದರೆ ನೀರಿನ ಮಟ್ಟ ಹೆಚ್ಚುಕಮ್ಮಿ ಅಲ್ಲೇ ಇರುತ್ತದೆ. ಉಬ್ಬರದಲ್ಲಿ ಪ್ರತಿಬಿಂಬ ಸಿಗುತ್ತದೆ. ಇಳಿತದಲ್ಲಿ ದೋಣಿಯ ಹೊಟ್ಟೆ, ಹಗ್ಗ, ಸರಪಳಿ, ಕೆಸರಿನಲ್ಲಿ ಉಳಿದ ನೀರಿನ ಹೊಳಪು ಸಿಗುತ್ತವೆ. ನನಗೆ ಇಳಿತವೇ ಇಷ್ಟ.

ರೇಖೆಯ ವಿಷಯದಲ್ಲಿ ದೋಣಿ ಕ್ಷಮಿಸುವುದಿಲ್ಲ. ಮರದ ಕೊಂಬೆ ಒಂದು ಇಂಚು ಆಚೀಚೆ ಆದರೆ ಯಾರಿಗೂ ಗೊತ್ತಾಗದು. ದೋಣಿಯ ಅಂಚಿನ ಬಾಗು ತಪ್ಪಿದರೆ ನೋಡಿದವರಿಗೆಲ್ಲ ಅದು ಮುಳುಗುವ ದೋಣಿ ಎಂದು ತಿಳಿಯುತ್ತದೆ. ಸುಲಭದ ಉಪಾಯವೆಂದರೆ ಉದ್ದಕ್ಕೆ ಎಳೆದ 8ರ ಅಂಕಿಯನ್ನು ಮಲಗಿಸಿ ಬರೆದು, ಒಂದು ಕುಣಿಕೆಯ ತುದಿಗೆ ಮೂತಿ, ಇನ್ನೊಂದಕ್ಕೆ ಹಿಂಭಾಗ ಕೂರಿಸುವುದು. ಎರಡೂ ಪಕ್ಕದ ಅಂಚಿನ ಬಾಗು ಆ ಗೆರೆಗಳಲ್ಲೇ ಸಿಗುತ್ತದೆ. ಬೆಂಕಿಪೆಟ್ಟಿಗೆಯಂಥ ಪೆಟ್ಟಿಗೆಯೊಳಗೆ ದೋಣಿಯನ್ನು ಕೂರಿಸಿ ಬರೆಯುವವರೂ ಇದ್ದಾರೆ. ಯಾವುದಾದರೂ ಸರಿ, ಕಣ್ಣಳತೆಗೆ ಮಾತ್ರ ಬಿಡಬೇಡಿ.

ಪ್ರತಿಬಿಂಬದಲ್ಲಿ ಸಾಮಾನ್ಯವಾಗಿ ಎರಡು ತಪ್ಪು ಆಗುತ್ತವೆ. ನಿಂತ ನೀರಿನಲ್ಲಿ ಕಡು ಬಣ್ಣದ ವಸ್ತುವಿನ ಬಿಂಬ ಸ್ವಲ್ಪ ತಿಳಿಯಾಗಿಯೂ, ತಿಳಿ ಬಣ್ಣದ ವಸ್ತುವಿನ ಬಿಂಬ ಸ್ವಲ್ಪ ಗಾಢವಾಗಿಯೂ ಕಾಣುತ್ತದೆ. ಇದನ್ನು ಬಿಟ್ಟು ಅದೇ ಬಣ್ಣವನ್ನು ತಲೆಕೆಳಗು ಮಾಡಿ ಹಚ್ಚುವುದು ಒಂದು ತಪ್ಪು. ಇನ್ನೊಂದು, ಹಾಯಿ ಕಟ್ಟುವ ಕಂಬದ್ದು. ಕಂಬ ನಮ್ಮ ಕಡೆಗೆ ವಾಲಿದ್ದರೆ ನೀರಿನಲ್ಲಿ ಅದರ ಬಿಂಬ ಕಂಬಕ್ಕಿಂತ ಉದ್ದ, ಆಚೆಗೆ ವಾಲಿದ್ದರೆ ಗಿಡ್ಡ. ಅಳೆದು ನೋಡಿದರೆ ಆಶ್ಚರ್ಯವಾಗುತ್ತದೆ.

ನೀರಿನ ಮೇಲೆಯೇ ಕೂತು ಬರೆಯುವುದು ಇನ್ನೊಂದು ಆಯ್ಕೆ. ಫ್ರಾನ್ಸಿನ ಚಿತ್ರಕಾರ ದೋಬಿನ್ಯೀ 1857ರಲ್ಲೇ ಒಂದು ದೋಣಿಯನ್ನು ಸ್ಟುಡಿಯೋ ಮಾಡಿಕೊಂಡಿದ್ದ. ಮೋನೆ ಅದನ್ನೇ ಅನುಸರಿಸಿದ. 1874ರಲ್ಲಿ ಮಾನೆ ಎಂಬ ಇನ್ನೊಬ್ಬ ಚಿತ್ರಕಾರ, ತನ್ನ ದೋಣಿಯಲ್ಲಿ ಕೂತು ಬರೆಯುತ್ತಿದ್ದ ಮೋನೆಯನ್ನೇ ಬರೆದ. ಅಮೆರಿಕದ ಚಿತ್ರಕಾರ ಸಾರ್ಜೆಂಟ್ ವೆನಿಸ್ಸಿನಲ್ಲಿ ಗೊಂಡೋಲಾ ಎಂಬ ಉದ್ದನೆಯ ದೋಣಿಯಲ್ಲಿ ಕೂತು ವಾಟರ್‌ಕಲರ್ ಮಾಡುತ್ತಿದ್ದ. ದಡದಿಂದ ಸಿಗದ ತಗ್ಗು ನೋಟ ಅಲ್ಲಿಂದ ಸಿಗುತ್ತದೆ ನಿಜ. ಆದರೆ ನೀವೂ ತೂಗುತ್ತೀರಿ, ವಸ್ತುವೂ ತೂಗುತ್ತದೆ. ಒಂದು ಸಲ ಮಾಡಿ ನೋಡಿ, ಅಭ್ಯಾಸ ಮಾತ್ರ ಮಾಡಿಕೊಳ್ಳಬೇಡಿ.

## ಬೀದಿ: ಅರ್ಧ ಗಂಟೆ ಪೆನ್ಸಿಲ್ಲಿಗೇ ಮೀಸಲು

ಬೀದಿಯನ್ನು ಬಣ್ಣದಿಂದ ಗೆಲ್ಲಲಾಗದು. ಪರ್ಸ್‌ಪೆಕ್ಟಿವ್ (ದೂರ ಹೋದಂತೆ ವಸ್ತು ಚಿಕ್ಕದಾಗಿ ಕಾಣುವ ಲೆಕ್ಕ) ಸರಿಯಿದ್ದರೆ ಕೆಸರು ಬಣ್ಣದಲ್ಲೂ ಬೀದಿ ನಿಲ್ಲುತ್ತದೆ, ತಪ್ಪಿದ್ದರೆ ಎಂಥ ಬಣ್ಣವೂ ಎತ್ತಲಾರದು. ಹಾಗಾಗಿ ಎರಡು ಗಂಟೆಯಲ್ಲಿ ಅರ್ಧ ಗಂಟೆ ರೇಖೆಗೇ ಹೋದರೂ ನಷ್ಟವಿಲ್ಲ.

ಎಲ್ಲವೂ ನಿಮ್ಮ ಕಣ್ಣಿನ ಮಟ್ಟದ ಗೆರೆಯ ಮೇಲೆ ನಿಂತಿದೆ. ಸಮತಟ್ಟು ಬೀದಿಯಲ್ಲಿ ನೀವು ನಿಂತು ಬರೆಯುತ್ತಿದ್ದರೆ, ನಿಮ್ಮಷ್ಟೇ ಎತ್ತರದವರ ತಲೆಗಳೆಲ್ಲ, ಹತ್ತಿರದವರದಿರಲಿ ದೂರದವರದಿರಲಿ, ಅದೇ ಗೆರೆಯಲ್ಲಿ ಬರುತ್ತವೆ; ಕಾಲುಗಳು ಮಾತ್ರ ಮೇಲೆ ಕೆಳಗೆ ಆಗುತ್ತವೆ. ತಗ್ಗು ಸ್ಟೂಲಿನ ಮೇಲೆ ಕೂತಿರೋ, ಆ ಗೆರೆ ಜನರ ಹೊಟ್ಟೆಯ ಹತ್ತಿರ ಹಾಯುತ್ತದೆ, ತಲೆಗಳು ಅದರ ಮೇಲೆ ಹೋಗುತ್ತವೆ. ಇದೊಂದು ಗೊತ್ತಿದ್ದರೆ ನಡೆದುಹೋಗುವ ಜನರನ್ನು ಬರೆಯುವ ಹೆದರಿಕೆ ಅರ್ಧ ಕಮ್ಮಿಯಾಗುತ್ತದೆ. ಒಂದು ಚುಕ್ಕಿ ತಲೆ, ಕೆಳಗೆ ಗಜ್ಜರಿಯಂತೆ ಚೂಪಾಗುವ ಒಂದು ಎಳೆತ, ಪಕ್ಕದಲ್ಲಿ ನೆರಳು. ಮನುಷ್ಯ ನಡೆಯತೊಡಗುತ್ತಾನೆ. ಬೆರಳು, ಮೂಗು, ಅಂಗಿಯ ಗುಂಡಿ ಬರೆಯಲು ಹೋದಿರೋ, ನಿಂತುಬಿಡುತ್ತಾನೆ.

ಇಳಿಜಾರು ಬೀದಿ ಕಂಡರೆ ಹೊಸಬರು ಸ್ವಲ್ಪ ದೂರವಿರಿ. ಕೆಳಗಿಳಿಯುವ ರಸ್ತೆಯ ಅಂಚುಗಳು ಕಣ್ಣಿನ ಮಟ್ಟಕ್ಕಿಂತ ಕೆಳಗೆ ಸೇರುತ್ತವೆ, ಅದೇ ರಸ್ತೆಯ ಮನೆಗಳ ಕಿಟಕಿ ಸಾಲು ಕಣ್ಣಿನ ಮಟ್ಟದಲ್ಲಿ ಸೇರುತ್ತವೆ. ಎರಡೂ ಬೇರೆ ಬೇರೆ ಬಿಂದುಗಳು. ಇದನ್ನು ಒಂದೇ ಮಾಡಿದವರ ಇಳಿಜಾರು ಚಪ್ಪಟೆಯಾಗುತ್ತದೆ.

ಬೀದಿಯ ಬೆಳಕಿನ ಕಾಟ ಬಯಲಿಗಿಂತ ಹೆಚ್ಚು. ಓಣಿ ಕಿರಿದಾಗಿದ್ದರೆ ಬಿಸಿಲು ಒಳಗೆ ಇರುವುದೇ ಮುಕ್ಕಾಲು ಗಂಟೆ ಹೊತ್ತು. ಎದುರು ಕಟ್ಟಡದ ನೆರಳು ಗೋಡೆಯ ಮೇಲೆ ಏರುವುದನ್ನು ಕಣ್ಣಾರೆ ನೋಡಬಹುದು. ಮೋಡ ಕವಿದ ದಿನ ಬೀದಿಗೆ ಒಳ್ಳೆಯದು. ನೆರಳಿನ ನಾಟಕ ಇಲ್ಲದಿದ್ದರೂ ಮೂರು ಗಂಟೆ ಕೂತರೂ ಟೋನ್ (ಬಣ್ಣ ಎಷ್ಟು ತಿಳಿ, ಎಷ್ಟು ಕಡು ಎಂಬುದು) ಅಷ್ಟಾಗಿ ಬದಲಾಗದು. ಮಳೆ ನಿಂತ ಕೂಡಲೇ ಇನ್ನೂ ಒಳ್ಳೆಯದು, ನೆಲವೇ ಅರ್ಧ ಚಿತ್ರ ಮಾಡಿಕೊಡುತ್ತದೆ.

ಇನ್ನು ಜನ. ಹಿಂದೆ ಬಂದು ನಿಲ್ಲುತ್ತಾರೆ, ಕೇಳುತ್ತಾರೆ, ತಮ್ಮ ಅಣ್ಣನ ಮಗಳೂ ಬರೆಯುತ್ತಾಳೆ ಎನ್ನುತ್ತಾರೆ. ಬೇಡವೆನ್ನುವವರು ಗೋಡೆಗೆ ಬೆನ್ನು ಕೊಟ್ಟು ನಿಲ್ಲಬೇಕು, ಅಥವಾ ಎತ್ತರದ ಕಿಟಕಿ ಹಿಡಿಯಬೇಕು. ಚಿತ್ರಕಾರ ಪಿಸ್ಸಾರೋ ಕಣ್ಣಿನ ಬೇನೆಯಿಂದ ಹೊರಗೆ ಕೂರಲಾಗದೆ, 1897ರಲ್ಲಿ ಪ್ಯಾರಿಸ್ಸಿನ ಒಂದು ಹೋಟೆಲಿನ ಕಿಟಕಿಯಿಂದ ಬುಲವಾರ್ ಮೋಂಮಾರ್ತ್ರ್ ಬೀದಿಯನ್ನು ಮತ್ತೆ ಮತ್ತೆ ಬರೆದ. ಬಿಸಿಲಿನಲ್ಲಿ, ಮಂಜಿನಲ್ಲಿ, ರಾತ್ರಿಯ ದೀಪದಲ್ಲಿ. ಕಿಟಕಿಯಿಂದ ಬರೆದರೆ ಅದು ಸ್ಥಳದಲ್ಲಿ ಬರೆದದ್ದಲ್ಲ ಎಂದು ಮೂಗು ಮುರಿಯುವವರಿಗೆ ಆ ಚಿತ್ರಗಳನ್ನು ತೋರಿಸಿ. ದಾರಿಗೆ ಅಡ್ಡ ಈಸಲ್ ಹಾಕುವ ಮುನ್ನ ಅಲ್ಲಿನವರನ್ನು ಒಂದು ಮಾತು ಕೇಳಿಕೊಳ್ಳುವುದು ಎಲ್ಲಿಯೇ ಆದರೂ ಒಳ್ಳೆಯದು.

## ಬಯಲು, ಬೆಟ್ಟ, ಮರ

ಹೊಸಬರು ಇಲ್ಲಿಂದಲೇ ಶುರು ಮಾಡಿ. ತಪ್ಪನ್ನು ಹೊಟ್ಟೆಗೆ ಹಾಕಿಕೊಳ್ಳುವ ವಸ್ತು ಇದು. ಇಲ್ಲಿನ ತೊಂದರೆ ಅವಸರದ್ದಲ್ಲ, ಅತಿಯಾದದ್ದು. ಸುತ್ತ 360 ಡಿಗ್ರಿಯೂ ಚೆಂದ ಕಾಣುವಾಗ ಯಾವುದನ್ನು ಬಿಡುವುದು? ರಟ್ಟಿನಲ್ಲಿ ನಿಮ್ಮ ಹಾಳೆಯ ಅಳತೆಗೆ ಹೊಂದುವ ಒಂದು ಪುಟ್ಟ ಕಿಟಕಿ ಕತ್ತರಿಸಿ ಜೇಬಿನಲ್ಲಿಡಿ. ಅದರೊಳಗೆ ಕಂಡಷ್ಟೇ ಚಿತ್ರ.

ಆಮೇಲೆ ಕಣ್ಣು ಕಿರಿದು ಮಾಡಿ ನೋಡಿ. ಸಾಮಾನ್ಯವಾಗಿ ಆಕಾಶ ಎಲ್ಲಕ್ಕಿಂತ ಬೆಳಗಿರುತ್ತದೆ, ಮೇಲುಮುಖವಾಗಿ ಮಲಗಿದ ನೆಲ ಅದರ ನಂತರ, ಇಳಿಜಾರಿನ ಬೆಟ್ಟ ಇನ್ನೂ ಸ್ವಲ್ಪ ಕಡು, ನೆಟ್ಟಗೆ ನಿಂತ ಮರ ಎಲ್ಲಕ್ಕಿಂತ ಕಡು. ಆಕಾಶದ ಬೆಳಕು ಯಾವುದರ ಮೇಲೆ ಎಷ್ಟು ಬೀಳುತ್ತದೆ ಎಂಬುದೇ ಇದರ ಗುಟ್ಟು. ಹಿಮ, ಬಿಳಿ ಮರಳು ಇದನ್ನು ಮುರಿಯುತ್ತವೆ. ಈ ನಾಲ್ಕು ಟೋನ್ ಸರಿಯಾಗಿ ಬಿದ್ದರೆ ಎಲೆ ಬರೆಯದೆಯೂ ಮರ ಮರವಾಗುತ್ತದೆ. ದೂರ ಹೋದಂತೆ ಕಡು ಬಣ್ಣಗಳು ಮೊದಲು ತಿಳಿಯಾಗಿ ನೀಲಿಗೆ ತಿರುಗುತ್ತವೆ, ನಡುವಿನ ಗಾಳಿ ನೀಲಿ ಬೆಳಕನ್ನು ಹೆಚ್ಚು ಚದುರಿಸುವುದರಿಂದ. ದೂರದ ಬೆಟ್ಟಕ್ಕೆ ಹತ್ತಿರದ ಮರದ ಹಸಿರನ್ನೇ ಹಚ್ಚಿದರೆ ಬೆಟ್ಟ ಬಂದು ಮೂಗಿನ ಮೇಲೆ ಕೂರುತ್ತದೆ.

ಹಸಿರಿನ ಬಗ್ಗೆ ಒಂದೇ ಮಾತು: ಟ್ಯೂಬಿನಿಂದ ನೇರ ಹಚ್ಚಬೇಡಿ. ಹಳದಿ, ನೀಲಿ ಬೆರೆಸಿ ಮಾಡಿಕೊಳ್ಳಿ, ಒಂದು ಚಿಟಿಕೆ ಕೆಂಪು ಅಥವಾ ಕಂದು ಸೇರಿಸಿ ಕೊಬ್ಬು ಇಳಿಸಿ.

ಮೋಡ ಇದ್ದ ದಿನ ಬಯಲೂ ಓಡುವ ವಸ್ತುವೇ. ಇಂಗ್ಲೆಂಡಿನ ಚಿತ್ರಕಾರ ಕಾನ್‌ಸ್ಟೆಬಲ್ 1821–22ರಲ್ಲಿ ಹ್ಯಾಂಪ್‌ಸ್ಟೆಡ್‌ನಲ್ಲಿ ಕೂತು ಬರೀ ಮೋಡಗಳನ್ನೇ ಚಿಕ್ಕ ಚಿಕ್ಕ ಕಾಗದಗಳ ಮೇಲೆ ತೈಲವರ್ಣದಲ್ಲಿ ಬರೆದ. ಅನೇಕದರ ಹಿಂದೆ ದಿನಾಂಕ, ವೇಳೆ, ಗಾಳಿಯ ದಿಕ್ಕು ಗುರುತು ಹಾಕಿಟ್ಟ. ಈ ಅಭ್ಯಾಸ ನಾನೂ ಎತ್ತಿಕೊಂಡಿದ್ದೇನೆ. ಮುಂದಿನ ಸಲ ಅದೇ ಜಾಗಕ್ಕೆ ಯಾವಾಗ ಹೋಗಬೇಕು ಎಂದು ತಲೆ ಕೆರೆದುಕೊಳ್ಳಬೇಕಿಲ್ಲ.

## ಈಗ ಬಣ್ಣ

ಬಣ್ಣಗಳನ್ನು ಹೋಲಿಸುವಾಗ ಒಣಗುವ ಹೊತ್ತನ್ನು ಮೊದಲು ನೋಡಿ. ಹೊಳಪು, ಹೆಸರು, ಘನತೆ ಎಲ್ಲ ಆಮೇಲೆ.

ವಾಟರ್‌ಕಲರ್ ಚೀಲದಲ್ಲಿ ಜಾಗ ತಿನ್ನುವುದಿಲ್ಲ: ಒಂದು ಪುಟ್ಟ ಡಬ್ಬಿ, ಎರಡು ಬ್ರಶ್, ನೀರು, ಹಾಳೆ. ದೋಣಿ ಹೊರಡುವ ಮುನ್ನ ಹತ್ತು ನಿಮಿಷದಲ್ಲಿ ಹಿಡಿಯಬೇಕೆಂದರೆ ಇದಕ್ಕೆ ಸಮ ಇಲ್ಲ. ಆದರೆ ಹವೆಯ ಮೇಲೆ ಇದರಷ್ಟು ಅವಲಂಬಿಸಿದ ಬಣ್ಣವೂ ಇಲ್ಲ. ನೀರಿನ ಪಕ್ಕದ ತೇವದ ಬೆಳಿಗ್ಗೆಯಲ್ಲಿ ಮೊದಲ ವಾಶ್ (ತೆಳ್ಳಗೆ ಹರಡಿದ ಬಣ್ಣದ ಪದರ) ಅರ್ಧ ಗಂಟೆ ಕಳೆದರೂ ಹಸಿಯಾಗಿಯೇ ಇದ್ದು, ಮೇಲೆ ಇಟ್ಟ ಗೆರೆಗಳೆಲ್ಲ ಹೂಕೋಸಿನಂತೆ ಅರಳುತ್ತವೆ. ಉರಿಬಿಸಿಲಿನಲ್ಲಿ ಉಲ್ಟಾ: ಬ್ರಶ್ ಎಳೆದು ಮುಗಿಸುವ ಮೊದಲೇ ಅಂಚು ಒಣಗಿ ಗಟ್ಟಿ ಗೆರೆ ನಿಲ್ಲುತ್ತದೆ. ಆಗ ಹಾಳೆಯ ಎರಡೂ ಬದಿ ನೆನೆಸಿ ಹಲಗೆಗೆ ಅಂಟಿಸಿಕೊಂಡರೆ ಸ್ವಲ್ಪ ಹೊತ್ತು ಸಿಗುತ್ತದೆ. ಕಾಗದ 300 ಜಿಎಸ್‌ಎಂಗಿಂತ (ಚದರ ಮೀಟರಿಗೆ 300 ಗ್ರಾಂ ತೂಕ) ಕಮ್ಮಿ ಇದ್ದರೆ ಹಪ್ಪಳದಂತೆ ಏಳುತ್ತದೆ. ಒಣಗಿದ ಮೇಲೆ ಬಣ್ಣ ತಿಳಿಯಾಗುವುದರಿಂದ ಹಸಿಯಿದ್ದಾಗ 'ಅತಿಯಾಯಿತೇನೋ' ಅನ್ನಿಸುವಷ್ಟು ಹಚ್ಚಬೇಕು. ಬಿಳಿ ಬೇಕಾದಲ್ಲಿ ಕಾಗದವನ್ನೇ ಬಿಡಬೇಕು, ಆಮೇಲೆ ತರಲಾಗದು. ಧೈರ್ಯ ಕಮ್ಮಿ ಇದ್ದವರಿಗೆ ಕಷ್ಟ.

ಗ್ವಾಶ್ ಎಂದರೆ ಮುಚ್ಚುವ ಗುಣವುಳ್ಳ ವಾಟರ್‌ಕಲರ್. ಶಾಲೆಯ ಪೋಸ್ಟರ್ ಕಲರ್‌ಗೆ ದೊಡ್ಡಪ್ಪನ ಮಗ ಅನ್ನಬಹುದು, ಆದರೆ ಒಳ್ಳೆಯ ಗ್ವಾಶ್ ಬೇಗ ಮಾಸುವುದಿಲ್ಲ. ಕಡು ಮೇಲೆ ತಿಳಿ ಹಚ್ಚಬಹುದು. ಕಿಟಕಿ ಚೌಕಟ್ಟು, ತಂತಿ, ದೋಣಿಯ ಹಗ್ಗ ಎಲ್ಲ ಕೊನೆಯಲ್ಲಿ ಇಡಬಹುದು. ಬೀದಿಗೆ ಹೇಳಿ ಮಾಡಿಸಿದ್ದು. ಇದರ ಒಂದು ಚೇಷ್ಟೆ ಗೊತ್ತಿರಲಿ: ಒಣಗುವಾಗ ಕಡು ಬಣ್ಣ ತಿಳಿಯಾಗುತ್ತದೆ, ತಿಳಿ ಬಣ್ಣ ಕಡುವಾಗುತ್ತದೆ. ಎರಡೂ ನಡುವಿಗೆ ಓಡಿಬಂದು ಚಿತ್ರ ಸಪ್ಪೆಯಾಗುತ್ತದೆ. ನನ್ನ ಮೊದಲ ಗ್ವಾಶ್ ಆಕಾಶ ಹಚ್ಚುವಾಗ ಬೆಳ್ಳಗಿತ್ತು, ಮುಂದಿನ ಮರ ಮುಗಿಸಿ ತಲೆ ಎತ್ತಿದರೆ ಗಾರೆ ಬಣ್ಣಕ್ಕೆ ತಿರುಗಿತ್ತು. ಈಗ ಹಾಳೆಯ ಅಂಚಿನಲ್ಲಿ ಒಂದು ಚುಕ್ಕಿ ಹಚ್ಚಿ, ಒಣಗಿಸಿ, ಆಮೇಲೆ ಮುಂದುವರಿಯುತ್ತೇನೆ.

ಅಕ್ರಿಲಿಕ್ ಮನೆಯೊಳಗೆ ಸಾಧು, ಹೊರಗೆ ಜಗಳಗಂಟ. ಗಾಳಿ ಬಿಸಿಲು ಎರಡೂ ಸೇರಿದರೆ ಪ್ಯಾಲೆಟ್ ಮೇಲೆ ಹಿಂಡಿದ ಬಣ್ಣಕ್ಕೆ ಹತ್ತು ನಿಮಿಷದಲ್ಲಿ ಚರ್ಮ ಬರುತ್ತದೆ. ಒಂದು ಒಳ್ಳೆಯ ಬ್ರಶ್ ಹೀಗೇ ಕಡ್ಡಿಯಾಗಿ ಹೋಯಿತು. ಅಡಿಗೆ ಒದ್ದೆ ಸ್ಪಂಜು ಇಟ್ಟು ಮೇಲೆ ಕಾಗದ ಹಾಸಿದ ಪ್ಯಾಲೆಟ್, ಕೈಯಲ್ಲಿ ನೀರು ಚಿಮುಕಿಸುವ ಬಾಟಲಿ ಇದ್ದರೆ ಕೆಲಸ ಸಾಗುತ್ತದೆ. ಒಂದರ ಮೇಲೊಂದು ಪದರ ಬೇಗ ಬೇಗ ಕಟ್ಟುವವರಿಗೆ ಇದೇ ವರ. ಒಣಗಿದ ಚಿತ್ರವನ್ನು ಚೀಲಕ್ಕೆ ತುರುಕಿ ಮನೆಗೆ ಹೊರಡಬಹುದು, ಅದು ಸಣ್ಣ ಲಾಭವೇನಲ್ಲ.

ಆಯಿಲ್ ಹೊರಗೆ ಒಯ್ಯುವುದು ಸುಲಭವಾದದ್ದು ಒಂದು ಪುಟ್ಟ ತವರದ ಕೊಳವೆಯಿಂದ. ಅದಕ್ಕೂ ಮುಂಚೆ ಅರೆದ ಬಣ್ಣವನ್ನು ಹಂದಿಯ ಮೂತ್ರಕೋಶದಲ್ಲಿ ಕಟ್ಟಿ, ಚುಚ್ಚಿ ಹಿಂಡಿಕೊಳ್ಳುತ್ತಿದ್ದರು. 1841ರಲ್ಲಿ ಅಮೆರಿಕದ ಚಿತ್ರಕಾರ ಜಾನ್ ಗೋಫ್ ರ‍್ಯಾಂಡ್ ಹಿಂಡುವ ಟ್ಯೂಬ್ ಕಂಡುಹಿಡಿದ ಮೇಲೆ ಬಣ್ಣ ಜೇಬಿಗೆ ಬಂತು. ಎರಡು ಗಂಟೆಯ ಕೆಲಸಕ್ಕೆ ಇದರ ದೊಡ್ಡ ಗುಣವೆಂದರೆ ಬರೆಯುತ್ತಿರುವಷ್ಟು ಹೊತ್ತೂ ಹಸಿಯಾಗಿರುವುದು. ಆಕಾಶದ ಅಂಚಿಗೆ ಬೆಟ್ಟವನ್ನು ಮೆತ್ತಗೆ ಸೇರಿಸಬಹುದು, ತಪ್ಪಿದ್ದನ್ನು ಕೆರೆದು ತೆಗೆಯಬಹುದು, ಒಣಗಿದರೂ ಟೋನ್ ಅಷ್ಟಾಗಿ ಬದಲಾಗದು. ಬಯಲಿಗೆ ನನ್ನ ಮೊದಲ ಆಯ್ಕೆ ಇದೇ.

ಅದೇ ಗುಣವೇ ಅದರ ದೋಷ. ಹಸಿ ಚಿತ್ರ ಮನೆಗೆ ಒಯ್ಯಲು ಬೇರೆ ಪೆಟ್ಟಿಗೆ ಬೇಕು, ಮುಟ್ಟಲು ಬರುವಷ್ಟು ಒಣಗಲು ದಿನಗಳು, ಕೆಲವೊಮ್ಮೆ ವಾರಗಳೇ ಬೇಕು. ಅಷ್ಟರಲ್ಲಿ ಹಾರಿ ಬಂದದ್ದೆಲ್ಲ ಅಂಟುತ್ತದೆ. 1889ರಲ್ಲಿ ವ್ಯಾನ್ ಗೋ ಬರೆದ ಆಲಿವ್ ಮರಗಳ ಒಂದು ಚಿತ್ರದಲ್ಲಿ ಸಿಕ್ಕಿಕೊಂಡಿದ್ದ ಮಿಡತೆಯ ತುಣುಕು 2017ರಲ್ಲಿ ಕನ್ಸಾಸ್ ಸಿಟಿಯ ವಸ್ತುಸಂಗ್ರಹಾಲಯದಲ್ಲಿ ಕಣ್ಣಿಗೆ ಬಿತ್ತು. ಆತನ ಒಂದು ಕಡಲಚಿತ್ರದಲ್ಲಿ ಮರಳ ಕಣಗಳೂ ಇವೆ. ಅವನಿಗೆ ಅದು ಶೋಭೆ, ನಮಗೆ ಬರೀ ಕಸ. ಇನ್ನೊಂದು ಎಚ್ಚರಿಕೆ ತಮಾಷೆಯದಲ್ಲ: ಆಯಿಲ್ ಬಣ್ಣದಲ್ಲಿರುವ ಅಗಸೆ ಎಣ್ಣೆ ಗಾಳಿಯ ಆಮ್ಲಜನಕ ಹೀರಿ ಒಣಗುವಾಗ ಬಿಸಿಯಾಗುತ್ತದೆ. ಎಣ್ಣೆ ಒರೆಸಿದ ಬಟ್ಟೆಗಳನ್ನು ಮುದ್ದೆ ಮಾಡಿ ಚೀಲದಲ್ಲೋ ಮೂಲೆಯಲ್ಲೋ ಬಿಟ್ಟರೆ ತಾನಾಗಿಯೇ ಬೆಂಕಿ ಹತ್ತಬಹುದು. ಬಿಡಿಸಿ ಹರವಿ ಒಣಗಿಸಿ, ಇಲ್ಲವೇ ನೀರು ತುಂಬಿದ ಲೋಹದ ಡಬ್ಬಿಯಲ್ಲಿ ಮುಳುಗಿಸಿ ಮುಚ್ಚಿಡಿ. ಆಯಿಲ್ ತೆಳು ಮಾಡಲು ಬಳಸುವ ಟರ್ಪೆಂಟೈನ್ ವಾಸನೆ ಒಗ್ಗದವರಿಗೆ ನೀರಿನಲ್ಲಿ ಬೆರೆಯುವ ಆಯಿಲ್ ಸಿಗುತ್ತದೆ. ಮೊದಲಿಗೆ ಕೈಗೆ ಅಂಟಂಟು ಅನ್ನಿಸುತ್ತದೆ, ನಾಲ್ಕು ಚಿತ್ರದಲ್ಲಿ ರೂಢಿಯಾಗುತ್ತದೆ.

ಪೇಸ್ಟಲ್‌ಗೆ (ಪುಡಿಬಣ್ಣದ ಕಡ್ಡಿ) ಒಣಗುವ ಗೊಡವೆಯೇ ಇಲ್ಲ, ಸಂಜೆಯ ಅರ್ಧ ಗಂಟೆಗೆ ಬಲು ಒಳ್ಳೆಯದು. ಗಾಳಿ ಇದ್ದರೆ ಮಾತ್ರ ಬೇಡ.

## ಹೊರುವುದು, ನಿಲ್ಲುವುದು

ಮಡಚುವ ಕಾಲುಗಳ ಪೆಟ್ಟಿಗೆ ಈಸಲ್ ನೋಡಲು ಚೆಂದ, ಖಾಲಿ ಇದ್ದಾಗಲೇ ಐದಾರು ಕೆಜಿ. ವಾಹನದಿಂದ ಇಳಿದು ನೂರು ಹೆಜ್ಜೆ ನಡೆಯುವವರಿಗೆ ಸರಿ. ಬೆಟ್ಟ ಹತ್ತುವವರು, ಊರೆಲ್ಲ ಸುತ್ತಿ ಜಾಗ ಹುಡುಕುವವರು ಕ್ಯಾಮೆರಾದ ಮೂರುಕಾಲಿನ ಸ್ಟ್ಯಾಂಡಿಗೆ ಸಿಕ್ಕಿಸುವ ಚಿಕ್ಕ ಪೆಟ್ಟಿಗೆ ತಗೊಳ್ಳಿ. ಗಾಳಿಗೆ ಬೀಳದ ಹಾಗೆ ಸ್ಟ್ಯಾಂಡಿನ ನಡುವೆ ನಿಮ್ಮ ಚೀಲವನ್ನೇ ನೇತುಹಾಕಿ. ವಾಟರ್‌ಕಲರ್‌ನವರಿಗೆ ತೊಡೆಯೇ ಈಸಲ್.

ಯಾವುದೇ ಆಗಲಿ, ಹಾಳೆ ಮತ್ತು ಪ್ಯಾಲೆಟ್ ಎರಡೂ ನೆರಳಿನಲ್ಲಿರಬೇಕು. ಬಿಸಿಲಿನಲ್ಲಿ ಬಿಳಿ ಹಾಳೆ ಕಣ್ಣು ಕುಕ್ಕುತ್ತದೆ, ಆ ಬೆಳಕಿನಲ್ಲಿ ಸರಿ ಕಂಡ ಚಿತ್ರ ಮನೆಯೊಳಗೆ ಬಂದಾಗ ಮಸಿ ಬಳಿದಂತೆ ಕಾಣುತ್ತದೆ. ಕೊಡೆ ಹಿಡಿಯುವುದಾದರೆ ಬಿಳಿ, ಬೂದು ಅಥವಾ ಕಪ್ಪು. ಕೆಂಪು ಕೊಡೆಯ ಕೆಳಗೆ ಬರೆದ ಆಕಾಶದ ಕಥೆ ಹೇಳುವುದೇ ಬೇಡ. ತಂಪು ಕನ್ನಡಕವನ್ನೂ ತೆಗೆದಿಡಿ.

## ಅಲ್ಲೇ ಮುಗಿಸಬೇಕೇ?

ಇದರಲ್ಲಿ ಎರಡು ಪಂಗಡ ಇದೆ. ಸ್ಥಳ ಬಿಟ್ಟ ಮೇಲೆ ಒಂದು ಗೆರೆಯನ್ನೂ ಮುಟ್ಟಬಾರದು ಅನ್ನುವವರು ಒಂದು ಕಡೆ, ಅಲ್ಲಿ ಟಿಪ್ಪಣಿ ಸಾಕು, ಚಿತ್ರ ಮನೆಯಲ್ಲಿ ಅನ್ನುವವರು ಇನ್ನೊಂದು ಕಡೆ. ಹೊರಗೆ ಬರೆಯುವವರ ಕುಲಗುರು ಎನ್ನಿಸಿಕೊಂಡ ಮೋನೆಯೇ ರೂಆನ್ ಚರ್ಚಿನ ಚಿತ್ರಗಳನ್ನು 1892 ಮತ್ತು 93ರಲ್ಲಿ ಅಲ್ಲಿ ಶುರು ಮಾಡಿ, ಮನೆಯ ಸ್ಟುಡಿಯೋದಲ್ಲಿ ತಿದ್ದಿ ತಿದ್ದಿ 1894ರ ತಾರೀಖು ಹಾಕಿದ. ಅವುಗಳಲ್ಲಿ ಇಪ್ಪತ್ತನ್ನು 1895ರಲ್ಲಿ ಪ್ರದರ್ಶನಕ್ಕಿಟ್ಟ. ಹಾಗಾಗಿ ಶುದ್ಧಾಚಾರದ ಮಾತಿಗೆ ನಾನು ಹೆಚ್ಚು ಬೆಲೆ ಕೊಡುವುದಿಲ್ಲ.

ನನ್ನ ಪದ್ಧತಿ ಹೀಗೆ: ಬಯಲನ್ನು ಅಲ್ಲೇ ಮುಗಿಸುತ್ತೇನೆ, ಏಕೆಂದರೆ ಮನೆಯಲ್ಲಿ ಕೂತು ಮುಟ್ಟಿದಷ್ಟೂ ಹಸಿರು ಕೆಡುತ್ತದೆ. ಬೀದಿಯ ರೇಖೆ ಮತ್ತು ದೊಡ್ಡ ನೆರಳುಗಳನ್ನು ಅಲ್ಲಿ ಮಾಡಿ, ಬೋರ್ಡು ಕಿಟಕಿ ಕಂಬಿಗಳನ್ನು ಮನೆಯಲ್ಲಿ ಮಾಡುತ್ತೇನೆ. ದೋಣಿಗೆ ಪೆನ್ಸಿಲ್ ಸ್ಕೆಚ್, ಪಕ್ಕದಲ್ಲಿ ಬಣ್ಣಗಳ ಹೆಸರು, ನೀರಿನ ಬಣ್ಣದ ಒಂದೆರಡು ಚುಕ್ಕಿ, ಜೊತೆಗೆ ಒಂದು ಫೋಟೋ. ಫೋಟೋ ಹಗ್ಗ ಎಲ್ಲಿ ಕಟ್ಟಿತ್ತು ಎಂದು ನೋಡಲಿಕ್ಕೆ ಮಾತ್ರ. ಕ್ಯಾಮೆರಾ ನೆರಳನ್ನು ಕಪ್ಪು ಮಾಡುತ್ತದೆ, ಬಿಸಿಲನ್ನು ಬಿಳಿ ಮಾಡುತ್ತದೆ. ದೋಣಿಯ ನೆರಳಿನ ಬದಿಯಲ್ಲಿ ನೀರಿನಿಂದ ಚಿಮ್ಮಿ ಕುಣಿಯುವ ಆ ತೆಳು ಬೆಳಕು ಅದರಲ್ಲಿ ಸಿಗುವುದಿಲ್ಲ.

## ಯಾರಿಗೆ ಯಾವುದು

ವಾರಕ್ಕೆ ಒಂದು ಬಿಡುವು, ಅದೂ ಎರಡು ಗಂಟೆ, ಇದೇ ಮೊದಲು ಹೊರಗೆ ಹೊರಟಿದ್ದೀರಿ ಎಂದರೆ ಮರ, ಬಯಲು ಹಿಡಿಯಿರಿ; ಚಿಕ್ಕ ಹಾಳೆ, ಗ್ವಾಶ್ ಅಥವಾ ಆಯಿಲ್, ಮೂರು ಬಣ್ಣ ಮತ್ತು ಬಿಳಿ. ರೇಖೆ ಮೊದಲೇ ಕೈಯಲ್ಲಿದ್ದು ಬಣ್ಣದ ಭಯ ಇರುವವರು ಪೆನ್ನು ಮತ್ತು ವಾಟರ್‌ಕಲರ್ ಹಿಡಿದು ಬೀದಿಗೆ ಇಳಿಯಿರಿ, ಮೋಡದ ದಿನ ನೋಡಿಕೊಂಡು. ಅರ್ಧ ಗಂಟೆಗಿಂತ ಹೆಚ್ಚು ಒಂದೇ ಕಡೆ ಕೂರಲಾಗದ ಸ್ವಭಾವದವರಿಗೆ ದೋಣಿಯೇ ಸರಿ, ಅದಕ್ಕೂ ಕೂರಲಾಗುವುದಿಲ್ಲ.

ದೋಣಿಗೇ ಹೋಗುವುದಾದರೆ ಇಳಿತದ ಹೊತ್ತಿಗೆ ಹೋಗಿ, ಮರಳಿಗೆ ಎಳೆದಿಟ್ಟದ್ದನ್ನು ಹುಡುಕಿ. ಕೂರುವ ಮೊದಲು ಹತ್ತಿರದಲ್ಲಿ ಯಾರಾದರೂ ಬಲೆ ಬಿಡಿಸುತ್ತಾ ಇದ್ದರೆ, ಈ ದೋಣಿ ಯಾವಾಗ ಹೊರಡುತ್ತದೆ ಎಂದು ಕೇಳಿಬಿಡಿ. ಅವರು ಹೇಳಿದ್ದಕ್ಕಿಂತ ಅರ್ಧ ಗಂಟೆ ಮೊದಲೇ ಹೊರಡುತ್ತದೆ ಎಂದು ಲೆಕ್ಕ ಹಾಕಿ, ದೋಣಿಯಿಂದಲೇ ಶುರು ಮಾಡಿ.